ಮೀನಿನ ತೊಟ್ಟಿಯ ಉಪ್ಪುನೀರು ಗಿಡಕ್ಕೆ ಆದೀತೇ?

ಪ್ರಶ್ನೆ: ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಎರಡು ವಾರಕ್ಕೊಮ್ಮೆ 40 ಲೀಟರ್ ಹಳೇ ನೀರು ತೆಗೆದು ಹೊಸದು ತುಂಬುತ್ತೇನೆ. ಪಕ್ಕದ ಮನೆಯವರು ಗೋಲ್ಡ್ ಫಿಶ್ ತೊಟ್ಟಿಯ ನೀರು ಹಾಕಿಯೇ ಗುಲಾಬಿ ಬೆಳೆಸಿದ್ದಾರೆ. ನನ್ನ ನೀರಿನಲ್ಲಿ ನೈಟ್ರೇಟ್ 20 ಪಿಪಿಎಂ ಇದೆ. ಹತ್ತು ಪಾಲು ಸಿಹಿನೀರು ಬೆರೆಸಿ ತಾರಸಿಯ ಟೊಮೆಟೊ, ಬೀನ್ಸ್ ಕುಂಡಗಳಿಗೆ ಹಾಕಲೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಬೇಡ. ಗೋಲ್ಡ್ ಫಿಶ್ ನೀರಿನಲ್ಲಿ ಗೊಬ್ಬರದ ಅಂಶ ಇದೆ, ಉಪ್ಪು ಇಲ್ಲ. ನಿಮ್ಮದರಲ್ಲಿ ಎರಡೂ ಇವೆ. ಯಾವುದು ಎಷ್ಟು ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

20 ಪಿಪಿಎಂ ಅಂದರೆ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್. 40 ಲೀಟರಿಗೆ 800 ಮಿಲಿಗ್ರಾಂ ಆಯಿತು. ಅದರಲ್ಲಿ ಸಾರಜನಕ ಸುಮಾರು 180 ಮಿಲಿಗ್ರಾಂ ಮಾತ್ರ. ಅರ್ಧ ಗ್ರಾಂ ಯೂರಿಯಾದಲ್ಲೇ ಇದಕ್ಕಿಂತ ಹೆಚ್ಚು ಸಿಗುತ್ತದೆ. ಇನ್ನು ಉಪ್ಪು: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ, ನಿಮ್ಮ ತೊಟ್ಟಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. 40 ಲೀಟರಿಗೆ 1.4 ಕಿಲೋ! ಚಿಟಿಕೆ ಯೂರಿಯಾ ಕೊಡಲು ಹೋಗಿ ಕಿಲೋಗಟ್ಟಲೆ ಉಪ್ಪು ಸುರಿದಂತಾಗುತ್ತದೆ.

ಹತ್ತು ಪಾಲು ನೀರು ಬೆರೆಸಿದರೂ ಲೀಟರಿಗೆ ಮೂರು ಗ್ರಾಂಗಿಂತ ಹೆಚ್ಚು ಉಪ್ಪು ಉಳಿಯುತ್ತದೆ. ಲೀಟರಿಗೆ ಎರಡು ಗ್ರಾಂ ದಾಟಿದ ನೀರನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ನೀರಾವರಿ ಮಾರ್ಗಸೂಚಿ ತೀವ್ರ ನಿರ್ಬಂಧದ ಗುಂಪಿಗೆ ಸೇರಿಸುತ್ತದೆ. ತರಕಾರಿಗಳಲ್ಲಿ ಬೀನ್ಸ್ ಉಪ್ಪಿಗೆ ಬೇಗ ಸೋಲುವ ಗಿಡ. ಟೊಮೆಟೊ ಅದಕ್ಕಿಂತ ಸ್ವಲ್ಪ ಗಟ್ಟಿ. ಐವತ್ತು ಪಾಲು ಬೆರೆಸಿದರೆ ಗಿಡ ತಡೆದೀತು. ಆದರೆ ಆ ನೀರಿನಲ್ಲಿ ಗೊಬ್ಬರ ಅನ್ನಿಸಿಕೊಳ್ಳುವಷ್ಟು ಏನೂ ಉಳಿದಿರುವುದಿಲ್ಲ. ಮೇಲಾಗಿ ನಿಮ್ಮದು ಕುಂಡ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ಮುಂದಿನ ಸಲದ್ದು ಅದರ ಮೇಲೆ ಸೇರುತ್ತದೆ. ಮೊದಲು ಎಲೆಯಂಚು ಕಂದಾಗಿ ಒಣಗುತ್ತದೆ. ಮಣ್ಣು ಒದ್ದೆಯಿದ್ದರೂ ಗಿಡ ಬಾಡುತ್ತದೆ, ಯಾಕೆಂದರೆ ಉಪ್ಪು ಹೆಚ್ಚಿದ ಮಣ್ಣಿನಿಂದ ಬೇರು ನೀರು ಎಳೆದುಕೊಳ್ಳಲಾರದು. ಸೋಡಿಯಂ ಜೇಡಿಕಣಗಳ ಹಿಡಿತವನ್ನೂ ಬಿಡಿಸುತ್ತದೆ. ಕೆಂಪುಮಣ್ಣು ಕುಂಡದ ಮೇಲೆ ಹೆಪ್ಪುಗಟ್ಟಿ, ಹಾಕಿದ ನೀರು ಇಂಗದೆ ನಿಲ್ಲುತ್ತದೆ. ಈಗಾಗಲೇ ಒಂದೆರಡು ಸಲ ಹಾಕಿದ್ದರೆ ತಳದ ತೂತು ಸರಿಯಿದೆಯೇ ನೋಡಿಕೊಂಡು, ಕುಂಡದ ಗಾತ್ರದ ಎರಡು ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಹಾಯಿಸಿ ತೊಳೆಯಿರಿ. ಮಣ್ಣು ಗಟ್ಟಿಯಾಗಿಬಿಟ್ಟಿದ್ದರೆ ಬದಲಾಯಿಸುವುದೇ ಸುಲಭ.

ಹಳೇ ನೀರನ್ನು ಕಮೋಡಿಗೆ ಸುರಿಯಿರಿ. ಮಳೆನೀರಿನ ಚರಂಡಿಗೋ ಇಂಗುಗುಂಡಿಗೋ ಬೇಡವೇ ಬೇಡ.

ಆದರೆ ಗಿಡಕ್ಕೆ ಒಪ್ಪುವ ನೀರು ನಿಮ್ಮ ಮನೆಯಲ್ಲೇ ವ್ಯರ್ಥವಾಗುತ್ತಿರಬೇಕು. ಉಪ್ಪು ಬೆರೆಸಲು ಆರ್‌ಒ ನೀರು ಬಳಸುವವರಾದರೆ, ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ. ಅದರಲ್ಲಿ ಲವಣ ನಲ್ಲಿ ನೀರಿಗಿಂತ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ ಹೆಚ್ಚಿರುತ್ತದೆ. ಕಾವೇರಿ ನೀರಾದರೆ ಧಾರಾಳವಾಗಿ ಕುಂಡಗಳಿಗೆ ಹಾಕಿ. ಗಡಸು ಬೋರ್‌ವೆಲ್ ನೀರಾದರೆ ನೆಲ ಒರೆಸಲು ಇರಲಿ.

ಪ್ರಶ್ನೆ: ನನ್ನ ಉಪ್ಪುನೀರಿನ ತೊಟ್ಟಿಯ ಕೊಳೆಯನ್ನು ನೊರೆಯಾಗಿ ಎತ್ತುವ ಪ್ರೋಟೀನ್ ಸ್ಕಿಮ್ಮರ್‌ನ ಬಟ್ಟಲಿನಲ್ಲಿ ಕಪ್ಪು, ಗಬ್ಬುನಾತದ ರಸ ತುಂಬುತ್ತದೆ. ಇಷ್ಟು ನಾರುವ ವಸ್ತು ಒಳ್ಳೆಯ ಗೊಬ್ಬರವೇ ಇರಬೇಕಲ್ಲ? ತೊಟ್ಟಿಗೆ ಜೋಡಿಸಿದ ಸಂಪ್‌ನಲ್ಲಿ ಬೆಳೆಯುವ ಪಾಚಿಯನ್ನೂ ತಿಂಗಳಿಗೊಮ್ಮೆ ಕಿತ್ತು ಎಸೆಯುತ್ತಿದ್ದೇನೆ.
– ಓದುಗರು, ಮಂಗಳೂರು

ಉತ್ತರ: ನಾತ ನಂಬಿ ಮೋಸಹೋಗಬೇಡಿ. ಆ ರಸದಲ್ಲಿ ಬಹುಪಾಲು ಅದೇ ಉಪ್ಪುನೀರು. ಒಂದು ದಿನ ತಿಳಿಯಾಗಲು ಬಿಟ್ಟು ಮೇಲಿನದನ್ನು ಚೆಲ್ಲಿದರೆ ತಳದಲ್ಲಿ ಸಿಗುವುದು ಒಂದಷ್ಟು ಕೆಸರು. ಅದನ್ನು ತೊಳೆದು ಗೊಬ್ಬರದ ಗುಂಡಿಗೆ ಸೇರಿಸಬಹುದು, ಆದರೆ ಆ ನಾತಕ್ಕೆ ತಕ್ಕ ಲಾಭವಿಲ್ಲ.

ಎಸೆಯುತ್ತಿರುವ ಪಾಚಿಯೇ ನಿಜವಾದ ಮಾಲು. ನೀರಿನಲ್ಲಿ ಕರಗಿ ಚೆದುರಿದ್ದ ನೈಟ್ರೇಟ್, ಫಾಸ್ಫೇಟನ್ನು ಹೀರಿ ಅದು ತನ್ನ ಮೈಯಲ್ಲಿ ಕಟ್ಟಿಕೊಂಡಿರುತ್ತದೆ. ಉಪ್ಪು ಬಹುತೇಕ ಹೊರಮೈಯ ನೀರಿನಲ್ಲಿದೆ, ತೊಳೆದರೆ ಹೋಗುತ್ತದೆ. ನಿಮ್ಮದು ಕೀಟೊ, ಅಂದರೆ ಹಸಿರು ನೈಲಾನ್ ದಾರದ ಉಂಡೆಯಂಥ ಪಾಚಿ ಆಗಿದ್ದರೆ ತೊಳೆಯುವುದು ಇನ್ನೂ ಸಲೀಸು. ಬಕೆಟ್ ಸಿಹಿನೀರಿನಲ್ಲಿ ಅದ್ದಿ, ಹಿಂಡಿ, ನೀರು ಬದಲಿಸಿ ಮತ್ತೆ ಅದ್ದಿ. ನಾಲ್ಕನೇ ಸಲ ಅರ್ಧ ಗಂಟೆ ನೆನೆಸಿಟ್ಟು, ಆರ್‌ಒ ಪರೀಕ್ಷೆಗೆಂದು ಇಟ್ಟುಕೊಂಡ ಟಿಡಿಎಸ್ ಮೀಟರನ್ನು ಆ ನೀರಿಗೇ ಅದ್ದಿ ನೋಡಿ. ನಲ್ಲಿ ನೀರಿನ ಅಂಕಿಗಿಂತ ಬಹಳ ಮೇಲಿಲ್ಲದಿದ್ದರೆ ಸಾಕು. ಇನ್ನೂ ನೂರಾರು ಹೆಚ್ಚು ತೋರಿಸಿದರೆ ಮತ್ತೊಂದು ಸಲ ಹಿಂಡಿ. ಆಮೇಲೆ ಕತ್ತರಿಸಿ ಒಣ ತರಗೆಲೆಯ ಜೊತೆ ಕಾಂಪೋಸ್ಟಿಗೆ ಹಾಕಿ. ತೊಟ್ಟಿಗೆ ತಾಮ್ರದ ಔಷಧ ಹಾಕಿದ ದಿನಗಳ ಪಾಚಿ, ಕೆಸರು ಮಾತ್ರ ಬೇಡ.

ಕಡಲೂರಿನವರಾದ್ದರಿಂದ ಇನ್ನೊಂದು ಮಾತು: ಪಾಚಿಯನ್ನು ಸಮುದ್ರಕ್ಕಾಗಲೀ ನದಿಗಾಗಲೀ ಎಸೆಯಬೇಡಿ. ಅಕ್ವೇರಿಯಂಗೆಂದು ಬೆಳೆಸುತ್ತಿದ್ದ ಕಾಲರ್ಪಾ ಎಂಬ ಪಾಚಿ 1984ರಲ್ಲಿ ಮೊನಾಕೊದ ಕಡಲಿನಲ್ಲಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ತೀರದ ಹಲವು ಕಡೆ ಹಬ್ಬಿತು. ಅದರ ಚೂರು ಬಿದ್ದರೂ ಹೊಸದಾಗಿ ಚಿಗುರುತ್ತದೆ.

ಪ್ರಶ್ನೆ: ನಮ್ಮಲ್ಲಿ ತೆಂಗಿನ ಗುಂಡಿಗೆ ಉಪ್ಪು ಹಾಕುವ ರೂಢಿಯಿದೆ. ಗಜನಿಯ ಉಪ್ಪುನೆಲದಲ್ಲಿ ಕಗ್ಗ ಭತ್ತವೂ ಬೆಳೆಯುತ್ತದೆ. ಹಾಗಿದ್ದ ಮೇಲೆ ಅಕ್ವೇರಿಯಂ ನೀರು ತೆಂಗಿಗೆ ಯಾಕಾಗದು?
– ಓದುಗರು, ಕುಮಟಾ

ಉತ್ತರ: ಒಳ್ಳೆಯ ತಕರಾರು! ತೆಂಗಿಗೆ ಕ್ಲೋರೈಡ್ ಬೇಕು, ನಿಜ. ಜಂಬಿಟ್ಟಿಗೆ ನೆಲದಲ್ಲಿ ಗುಂಡಿಗೆ ಎರಡು ಕಿಲೋ ಉಪ್ಪು ಹಾಕಿ ಕಲ್ಲು ಸಡಿಲಿಸುವುದೂ ಹೌದು, ಆದರೆ ಅದು ಸಸಿ ನೆಡುವುದಕ್ಕೆ ತಿಂಗಳುಗಟ್ಟಲೆ ಮೊದಲು. ಕಗ್ಗದ ಕಥೆಯಲ್ಲೂ ಅರ್ಧ ಕೆಲಸ ಮಾಡುವುದು ಮಳೆ: ಮುಂಗಾರಿನ ಸಿಹಿನೀರು ಗಜನಿಯ ಉಪ್ಪನ್ನು ತಗ್ಗಿಸಿದ ಮೇಲೆಯೇ ಭತ್ತ ಮೇಲೇಳುವುದು. ಹಾಗಾಗಿ ನಿಮ್ಮಲ್ಲಿ, ತೋಟದ ನೆಲದಲ್ಲಿರುವ ಬಲಿತ ಮರಕ್ಕೆ, ಮಳೆಗಾಲದಲ್ಲಿ ಅಪರೂಪಕ್ಕೊಂದು ಬಕೆಟ್ ಹಾಕಿದರೆ ಕೆಡುಕಿಲ್ಲ. ಹತ್ತು ಲೀಟರಿನ ಬಕೆಟಿಗೆ 350 ಗ್ರಾಂ ಉಪ್ಪು ಅನ್ನುವುದು ನೆನಪಿರಲಿ. ಬಾವಿಯ ಹತ್ತಿರದ ಮರ ಬೇಡ, ಬೇಸಿಗೆಯಲ್ಲಿ ಬೇಡ. ಇದನ್ನೋದಿ ತುಮಕೂರಿನ ಬಂಧುಗಳಿಗೆ ಸಲಹೆ ಕೊಡಲು ಹೋಗಬೇಡಿ, ಉಪ್ಪು ತೊಳೆದುಹೋಗುವಷ್ಟು ಮಳೆ ಅಲ್ಲಿಲ್ಲ.

ಪ್ರಶ್ನೆ: ತೊಟ್ಟಿ ಮುಚ್ಚುತ್ತಿದ್ದೇನೆ. ತಳದ ಹವಳದ ಮರಳು ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕೆಲಸ ಮಾಡುತ್ತದೆ. ಚೆನ್ನಾಗಿ ತೊಳೆದು, ಒಂದು ಮಳೆಗಾಲ ಅಂಗಳದಲ್ಲಿ ಹರಡಿಟ್ಟು, ನಿಮ್ಮ ಹುಳಿಮಣ್ಣಿಗೆ ಬೆರೆಸಿ. ಕಾಳು ದಪ್ಪವಿರುವುದರಿಂದ ಕರಗಲು ವರ್ಷಗಳೇ ಹಿಡಿದಾವು, ಕುಟ್ಟಿದರೆ ಬೇಗ. ಮಲ್ಲಿಗೆ ಬುಡಕ್ಕೆ ಹಾಕುವ ಮೊದಲು ಮಣ್ಣಿನ ಪಿಎಚ್ ನೋಡಿಸಿ. ಇಗ್ಸೋರಾ, ಅಝೇಲಿಯಾದಂಥ ಹುಳಿಮಣ್ಣು ಬಯಸುವ ಗಿಡಗಳಿಗೆ ಹಾಕಬೇಡಿ.