ಕೊನೆಯಿಲ್ಲದ ಆಟ: ಆರಂಭಿಸುವ ಮುನ್ನ ಒಂದು ಲೆಕ್ಕ

ಪಗಡೆಯಾಗಲಿ, ಚೌಕಾಬಾರವಾಗಲಿ, ಚದುರಂಗವಾಗಲಿ, ಪ್ರತಿಯೊಂದು ಆಟಕ್ಕೂ ಮುಕ್ತಾಯವುಂಟು. ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಸೋಲುತ್ತಾರೆ. ಕಾಯಿಗಳನ್ನು ಡಬ್ಬಿಗೆ ಸುರಿದು ಎಲ್ಲರೂ ಊಟಕ್ಕೆ ಏಳುತ್ತಾರೆ. ಆದರೆ ಅಂತರ್ಜಾಲದ ಮೂಲಕ ಸಾವಿರಾರು ಮಂದಿ ಒಂದೇ ಕಾಲ್ಪನಿಕ ಲೋಕವನ್ನು ಹೊಕ್ಕು, ಯೋಧ, ಮಾಂತ್ರಿಕ, ವೈದ್ಯ ಮುಂತಾದ ಪಾತ್ರಗಳನ್ನು ಧರಿಸಿ ಆಡುವ ಆಟಗಳಿಗೆ ಮುಕ್ತಾಯವೆಂಬುದಿಲ್ಲ. ಇಂತಹ ಆಟವನ್ನು ಎಂದು ನಿಲ್ಲಿಸಬೇಕೆಂದು ಮನೆಮನೆಯಲ್ಲಿ ವಾದ ನಡೆಯುತ್ತದೆ. ಎಂದು ಆರಂಭಿಸಬೇಕೆಂದು ಕೇಳುವವರು ವಿರಳ. ಆರೋಗ್ಯದ ದೃಷ್ಟಿಯಿಂದ ಮೊದಲು ವಿಚಾರಿಸತಕ್ಕದ್ದು ಈ ಎರಡನೆಯ ಪ್ರಶ್ನೆಯನ್ನೇ.

ಆಟದ ಸ್ವರೂಪ

ಇಂತಹ ಆಟಗಳ ಮೂಲ 1978ರಷ್ಟು ಹಿಂದಿನದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ಎಲ್ಲವೂ ಅಕ್ಷರಗಳಲ್ಲೇ ನಡೆಯುತ್ತಿತ್ತು. 1997ರಲ್ಲಿ 'ಅಲ್ಟಿಮಾ ಆನ್‌ಲೈನ್', 1999ರಲ್ಲಿ 'ಎವರ್‌ಕ್ವೆಸ್ಟ್', 2004ರ ನವೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಂದವು.

ಆಟಗಾರನು ಮಲಗಿದ್ದರೂ ಆ ಲೋಕವು ನಡೆಯುತ್ತಲೇ ಇರುತ್ತದೆ. ಆರಂಭದ ಮೆಟ್ಟಿಲುಗಳನ್ನು ಬೇಗನೆ ಏರಬಹುದು. ಮೇಲೇರಿದಂತೆ ಶ್ರಮ ಹೆಚ್ಚುತ್ತದೆ. ಒಂಟಿಯಾಗಿ ಗೆಲ್ಲಲಾಗದ ಶತ್ರುಗಳಿಗಾಗಿ 'ಗಿಲ್ಡ್' ಎಂಬ ಕೂಟವನ್ನು ಸೇರಬೇಕಾಗುತ್ತದೆ. ವಾರ್‌ಕ್ರಾಫ್ಟಿನ ಮೊದಲ ವರ್ಷಗಳಲ್ಲಿ ಅತಿ ಬಲಿಷ್ಠ ಶತ್ರುವನ್ನೆದುರಿಸಲು 40 ಜನರ ತಂಡ ಬೇಕಾಗುತ್ತಿತ್ತು. ಅಂತಹ ಹೊತ್ತಿನಲ್ಲಿ ತಾಯಿ "ಊಟಕ್ಕೆ ಬಾರೋ" ಎಂದು ಕರೆದರೆ ಮಗನು ಏಳದಿರುವುದು ಕೇವಲ ಹಟವಲ್ಲ. ಉಳಿದ 39 ಮಂದಿಗೆ ಅವನು ಮಾತು ಕೊಟ್ಟಿರುತ್ತಾನೆ. ಆದುದರಿಂದ ಈ ಆಟವನ್ನು ಆರಂಭಿಸುವುದೆಂದರೆ ಒಂದು ಹೊಣೆಯನ್ನು ಹೊತ್ತುಕೊಳ್ಳುವುದೆಂದೇ ಅರ್ಥ.

ಬಿಡುವಿನ ಕಾಲವೇ ಸರಿಯಾದ ಕಾಲವೆ?

ಮುಂಬಯಿಯ ಎರಡು ಕೋಣೆಯ ಮನೆಯೊಂದನ್ನು ಊಹಿಸಿಕೊಳ್ಳೋಣ. ಮಗನು ಹನ್ನೆರಡನೆಯ ತರಗತಿಯವನು. ಗೆಳೆಯರೆಲ್ಲ ಜನವರಿಯಲ್ಲಿ ಆಟವನ್ನು ಸೇರಿದ್ದಾರೆ. ತಾನೂ ಸೇರಬೇಕೆಂಬುದು ಅವನ ಆಸೆ. "ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಎಷ್ಟು ಬೇಕಾದರೂ ಆಡು" ಎನ್ನುತ್ತಾರೆ ತಂದೆ. ಮಾತಿನ ಮೊದಲರ್ಧ ವಿವೇಕದ್ದು, ಎರಡನೆಯದು ಅಪಾಯದ್ದು.

ಬ್ಯಾಂಕು ಸಾಲ ಕೊಡುವಾಗ ಬೋನಸ್ ಬಂದ ತಿಂಗಳ ಆದಾಯವನ್ನು ನೋಡಿ ಕಂತನ್ನು ನಿಗದಿ ಮಾಡುವುದಿಲ್ಲ. ವರ್ಷವಿಡೀ ಬರುವ ಸಂಬಳವನ್ನು ನೋಡುತ್ತದೆ. ಸಮಯದ ಲೆಕ್ಕವೂ ಹಾಗೆಯೇ. ರಜೆಯಲ್ಲಿ ದಿನಕ್ಕೆ ಎಂಟು ಗಂಟೆ ಆಡಿ ಬೆಳೆಸಿದ ಪಾತ್ರ ಮತ್ತು ಗಳಿಸಿದ ಗೆಳೆತನಗಳು ಕಾಲೇಜು ತೆರೆದ ದಿನ ಮಾಯವಾಗುವುದಿಲ್ಲ; ಅದೇ ಎಂಟು ಗಂಟೆಯ ಕಂತನ್ನು ಕೇಳುತ್ತವೆ. ಕೊಡಲು ಬೇರೆಲ್ಲಿಯೂ ಇಲ್ಲದಿದ್ದಾಗ ಅದು ನಿದ್ರೆಯಿಂದ ಕಡಿತವಾಗುತ್ತದೆ.

ಕಾಲೇಜಿನ ಸಾಧಾರಣ ದಿನವೊಂದರ ಜಮಾಖರ್ಚು ಹೀಗಿದೆ: ನಿದ್ರೆ 8 ಗಂಟೆ, ತರಗತಿ 6, ಲೋಕಲ್ ರೈಲಿನ ಪ್ರಯಾಣ 2, ಓದು 3, ಸ್ನಾನ, ಊಟ, ಮನೆಗೆಲಸ 3, ಒಟ್ಟು 22. ಉಳಿದ ಎರಡರಲ್ಲಿ ವ್ಯಾಯಾಮಕ್ಕೂ ಮನೆಯವರೊಡನೆ ಮಾತಿಗೂ ಒಂದು ಗಂಟೆ ಮೀಸಲಿಟ್ಟರೆ ಆಟಕ್ಕೆ ದೊರೆಯುವುದು ಒಂದೇ ಗಂಟೆ. ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕವೆಂದು ತಜ್ಞರ ಅಭಿಮತವಿರುವುದರಿಂದ ಆ ಬಾಬಿಗೆ ಕೈ ಹಾಕುವಂತಿಲ್ಲ. ಆದುದರಿಂದ ಆರಂಭಕ್ಕೆ ಯೋಗ್ಯವಾದ ಕಾಲ ಪರೀಕ್ಷೆಯ ಮುನ್ನವೂ ಅಲ್ಲ, ದೀರ್ಘ ರಜೆಯೂ ಅಲ್ಲ. ದಿನಚರಿ ತುಂಬಿರುವ, ಆದರೆ ಒತ್ತಡವಿಲ್ಲದ ವಾಡಿಕೆಯ ತಿಂಗಳು ಅದು. ಒಂದು ಗಂಟೆಯಲ್ಲಿ ಹಿಡಿಸುವಷ್ಟು ಆಟ ಮಾತ್ರ ಆಗ ರೂಢಿಯಾಗುತ್ತದೆ.

ಕೆಲಸ ಹುಡುಕಿಕೊಂಡು ಹೊಸದಾಗಿ ಮಹಾನಗರಕ್ಕೆ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ತರುಣನಿಗೂ ಈ ಮಾತು ಅನ್ವಯಿಸುತ್ತದೆ. ಒಂಟಿತನದ ಮೊದಲ ತಿಂಗಳಲ್ಲೇ ಆಟವನ್ನು ಹಿಡಿದರೆ, ಊರಿನಲ್ಲಿ ಸ್ನೇಹಿತರನ್ನು ಸಂಪಾದಿಸಬೇಕಾದ ಸಂಜೆಗಳನ್ನೆಲ್ಲ ಅದೇ ನುಂಗೀತು.

ಗಡಿಯಾರ ಮತ್ತು ಚಂದಾ

ಭಾರತದಲ್ಲಿ ಕುಳಿತು ಯೂರೋಪಿನ ಕೂಟವನ್ನು ಸೇರುವವರು ಗಡಿಯಾರವನ್ನೂ ನೋಡಬೇಕು. ಚಳಿಗಾಲದಲ್ಲಿ ಪ್ಯಾರಿಸ್, ಬರ್ಲಿನ್‌ಗಳ ರಾತ್ರಿ 8 ಗಂಟೆಯೆಂದರೆ ಇಲ್ಲಿ ರಾತ್ರಿ 12-30. ಕೂಟದ ದಂಡಯಾತ್ರೆ ಎರಡು ಮೂರು ಗಂಟೆ ನಡೆದರೆ ಮಲಗುವುದು ನಸುಕಿನ ಹೊತ್ತಿಗೆ. ಭಾರತದ ಸಂಜೆಗೆ ಹೊಂದುವ ಕೂಟ ದೊರೆಯದಿದ್ದರೆ ಒಂಟಿಯಾಗಿ ಆಡುವುದೇ ಲೇಸು.

ಆಟದ ಆಯುಷ್ಯವನ್ನೂ ಗಮನಿಸಬೇಕು. ಹೊಸ ಭಾಗ ಬಿಡುಗಡೆಯಾದ ದಿನವೇ ನುಗ್ಗುವುದರಿಂದ ಸರದಿಯಲ್ಲಿ ಕಾಯುವುದೇ ಹೆಚ್ಚು; 2021ರ ಡಿಸೆಂಬರಿನಲ್ಲಿ 'ಫೈನಲ್ ಫ್ಯಾಂಟಸಿ 14'ರ ದಟ್ಟಣೆ ತಡೆಯಲಾಗದೆ ಕಂಪನಿಯೇ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಇನ್ನೊಂದೆಡೆ, 2004ರಲ್ಲಿ ಬಂದ 'ಸಿಟಿ ಆಫ್ ಹೀರೋಸ್' ಅನ್ನು ಅದರ ಕಂಪನಿ 2012ರ ನವೆಂಬರಿನಲ್ಲಿ ಮುಚ್ಚಿಬಿಟ್ಟಿತು. ಕೆಲವು ಆಟಗಳ ಆರಂಭದ ಮೆಟ್ಟಿಲುಗಳು ಉಚಿತ. ಚಂದಾ ಕಟ್ಟುವ ಮುನ್ನ ಅಲ್ಲಿ ಪರೀಕ್ಷಿಸುವುದು ಜಾಣತನ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಚಂದಾಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ 24 ಗಂಟೆ ಮೊದಲು ಸೂಚನೆ ಬರುತ್ತದೆ. ಆ ಸೂಚನೆಯನ್ನು ಓದುವ ಅಭ್ಯಾಸವಿರಲಿ.

ಒಳಿತು ಮತ್ತು ಕೆಡುಕು

ಆಟವನ್ನು ಕೇವಲ ದುಶ್ಚಟವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ತರುಣನು ಸ್ನಾಯುಕ್ಷಯದಿಂದ ಗಾಲಿಕುರ್ಚಿಗೆ ಅಂಟಿಕೊಂಡು, 2014ರಲ್ಲಿ 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗನಿಗೆ ಗೆಳೆಯರೇ ಇರಲಿಲ್ಲವೆಂದು ಕೊರಗುತ್ತಿದ್ದ ತಂದೆತಾಯಿಗಳಿಗೆ ಅವನ ಸಾವಿನ ಸುದ್ದಿ ತಿಳಿಸಿದ ಮೇಲೆ ವಾರ್‌ಕ್ರಾಫ್ಟಿನ ಗೆಳೆಯರಿಂದ ಸಂತಾಪಪತ್ರಗಳು ಬಂದವು. ಕೆಲವರು ಪರದೇಶಗಳಿಂದ ಅಂತ್ಯಕ್ರಿಯೆಗೂ ಬಂದರು. ಹೊರಗೆ ನಡೆಯಲಾಗದವನಿಗೆ ಆಟವು ಬಾಗಿಲಾಯಿತು. ನಡೆಯಬಲ್ಲವನಿಗೆ ಅದು ಗೋಡೆಯಾಗಬಾರದು.

ಗೋಡೆಯಾದಾಗ ಅದು ರೋಗವೇ ಸರಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡದಿರುವುದು. ಇದರಿಂದ ಓದು, ಉದ್ಯೋಗ, ಸಂಸಾರಗಳು ಗಣನೀಯವಾಗಿ ಕೆಟ್ಟು, ಸಾಮಾನ್ಯವಾಗಿ 12 ತಿಂಗಳು ಅದೇ ಸ್ಥಿತಿಯಿದ್ದರೆ ವೈದ್ಯರು ರೋಗವೆಂದು ನಿರ್ಣಯಿಸುತ್ತಾರೆ. ಇದು ತಗಲುವುದು ಆಡುವವರಲ್ಲಿ ಸಣ್ಣ ಭಾಗಕ್ಕೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕಾಗಿಯೇ 'ಶಟ್' ಎಂಬ ಚಿಕಿತ್ಸಾಲಯವಿದೆ. ದೂರದ ನಗರಗಳಲ್ಲಿರುವವರು 'ಟೆಲಿ ಮಾನಸ್' ದೂರವಾಣಿ 14416ಕ್ಕೆ ಕರೆ ಮಾಡಬಹುದು.

ನಿರ್ಣಯ

ಆರಂಭಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ವಾಡಿಕೆಯ ದಿನದಲ್ಲಿ ಒಂದು ಗಂಟೆ ನಿಜವಾಗಿ ಉಳಿಯುತ್ತದೆಯೆ? ಕೂಟದ ಹೊತ್ತು ನಿದ್ರೆಯ ಹೊತ್ತಿಗೆ ಅಡ್ಡ ಬರುವುದಿಲ್ಲವಷ್ಟೆ? ಒಂದು ಸಂಜೆ ಆಡದಿದ್ದರೆ ಮನಸ್ಸು ನೆಮ್ಮದಿಯಾಗಿರಬಲ್ಲುದೆ? ಈ ನಿರ್ಧಾರ ಮನೆಯವರಿಗೆ ತಿಳಿದಿದೆಯೆ? ನಾಲ್ಕಕ್ಕೂ ಹೌದೆಂಬ ಉತ್ತರವಿದ್ದರೆ ಅಂದೇ ಆರಂಭಿಸಬಹುದು. ಒಂದಕ್ಕೆ ಇಲ್ಲವೆಂದಾದರೂ ಮುಂದಿನ ತಿಂಗಳವರೆಗೆ ಕಾಯುವುದರಿಂದ ನಷ್ಟವೇನಿಲ್ಲ; ಆ ಲೋಕವು ಅಲ್ಲಿಯೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಣಕ್ಕೆ ಸಲ್ಲುವಂತೆ ಹೊತ್ತಿಗೂ ಸಲ್ಲುತ್ತದೆ.