ಮೊದಲು ಗೇನ್, ಆಮೇಲೆ ಫೇಡರ್

ಪುಟ್ಟ ಮಿಕ್ಸರ್ ಇಟ್ಟುಕೊಂಡು ಧ್ವನಿಮುದ್ರಣ ಮಾಡುವ ಯುಎಇ ಕನ್ನಡಿಗರ ಮೂರು ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಾವು ಕರಾವಳಿಯ ನಾಲ್ಕೈದು ಮಂದಿ ಸೇರಿ ಯಕ್ಷಗಾನದ ಪದಗಳನ್ನು ರೆಕಾರ್ಡ್ ಮಾಡುತ್ತೇವೆ. ಚೆಂಡೆ ಶುರುವಾದ ಕೂಡಲೇ ಧ್ವನಿ ಒಡೆಯುತ್ತದೆ. ಫೇಡರ್ ಇಳಿಸಿದರೂ ಸರಿಹೋಗುವುದಿಲ್ಲ. ಏನು ಮಾಡಲಿ?
– ಓದುಗರು, ಕರಾಮ, ದುಬೈ

ಉತ್ತರ: ಫೇಡರ್ ಇಳಿಸಿದರೆ ಒಡೆದ ಸದ್ದು ಸಣ್ಣದಾಗುತ್ತದೆ, ಒಡಕು ಹಾಗೇ ಉಳಿಯುತ್ತದೆ. ಮೈಕಿನಿಂದ ಬಂದ ಸದ್ದು ಮೊದಲು ಹಾಯುವುದು ಚಾನೆಲ್ಲಿನ ಮೇಲ್ತುದಿಯ ಗೇನ್ ಗುಂಡಿಯನ್ನು. ಅಲ್ಲಿ ಕೆಟ್ಟದ್ದನ್ನು ಮುಂದಿನ ಯಾವ ಗುಂಡಿಯೂ ಸರಿಮಾಡದು.

ಹೀಗೆ ಮಾಡಿ: ಗೇನ್ ಪೂರ್ತಿ ಎಡಕ್ಕೆ ತಿರುಗಿಸಿ, ಫೇಡರನ್ನು 0 ಗುರುತಿಗೆ ತನ್ನಿ. ಚೆಂಡೆಯವರಿಗೆ ಏರುಪದಕ್ಕೆ ನುಡಿಸುವಷ್ಟೇ ಬಿರುಸಾಗಿ ನುಡಿಸಲು ಹೇಳಿ. ಗೇನ್ ನಿಧಾನವಾಗಿ ಏರಿಸುತ್ತಾ ಬನ್ನಿ. ಪಕ್ಕದ ಕೆಂಪು ದೀಪ ಮಿನುಗಿದಲ್ಲಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. ಕೈ ಪಳಗಿದಂತೆ ಪೆಟ್ಟು ಇನ್ನೂ ಬಿರುಸಾಗುತ್ತದೆ, ಅದಕ್ಕೂ ಜಾಗ ಬೇಕು. ಕಂಪ್ಯೂಟರಿನ ಮೀಟರಿನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಾಕು. 24 ಬಿಟ್‌ನಲ್ಲಿ ಮುದ್ರಿಸಿದರೆ ಆಮೇಲೆ ಧಾರಾಳವಾಗಿ ಏರಿಸಿಕೊಳ್ಳಬಹುದು.

ಗೇನ್ ತೀರಾ ಕೆಳಗಿದ್ದರೂ ದೀಪ ಉರಿದರೆ ಮೈಕನ್ನು ಚೆಂಡೆಯಿಂದ ಮೂರ್ನಾಲ್ಕು ಅಡಿ ದೂರವಿಡಿ. ಭಾಗವತರ ಮೈಕಿನ ಬೆನ್ನು ಚೆಂಡೆಯ ಕಡೆಗಿರಲಿ.

ಪ್ರಶ್ನೆ: ಭಾವಗೀತೆಗಾಗಿ ಹೊಸ ಕಂಡೆನ್ಸರ್ ಮೈಕ್ ಕೊಂಡೆ, ಸದ್ದೇ ಬರುತ್ತಿಲ್ಲ. ಬೆಂಗಳೂರಿನಿಂದ ತಂದ ಮಿಕ್ಸರಿನಲ್ಲಿ ‘ಗುಂಯ್’ ಎಂಬ ಶಬ್ದ ಬೇರೆ. ಎಸಿ ಸದ್ದೂ ಸೇರುತ್ತದೆ.
– ಓದುಗರು, ಖಾಲಿದಿಯಾ, ಅಬುಧಾಬಿ

ಉತ್ತರ: ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು. ಅದನ್ನು ಕೊಡುವುದು ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ ಗುಂಡಿ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲನ್ನೇ ಬಳಸಿ. ಮೊದಲು ಫೇಡರ್, ಹೆಡ್‌ಫೋನ್ ಎರಡನ್ನೂ ಇಳಿಸಿ, ಕೇಬಲ್ ಜೋಡಿಸಿ, ಆಮೇಲೆ ಗುಂಡಿ ಒತ್ತಿ ಕೆಲವು ಕ್ಷಣ ಕಾಯಿರಿ.

ಊರಲ್ಲೂ ಇಲ್ಲೂ ಕರೆಂಟು 230 ವೋಲ್ಟ್, 50 ಹರ್ಟ್ಸ್. ಆದ್ದರಿಂದ ಮಿಕ್ಸರಿಗೆ ಅಪಾಯವಿಲ್ಲ. ಬೇರೆಯಿರುವುದು ಪ್ಲಗ್ಗು. ನಮ್ಮ ದುಂಡು ಪಿನ್ನಿಗೆ ಅಗ್ಗದ ಅಡಾಪ್ಟರ್ ಸಿಕ್ಕಿಸಿದಾಗ ಎಷ್ಟೋ ಸಲ ಅರ್ತಿಂಗ್ ತಪ್ಪುತ್ತದೆ, ಗುಂಯ್ ಶಬ್ದ ಹುಟ್ಟುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಶಬ್ದ ನಿಂತರೆ ತಪ್ಪು ಚಾರ್ಜರಿನ ಕಡೆಯದು. ಇಲ್ಲಿನ ಮೂರು ಚೌಕ ಪಿನ್ನಿನ, ಅರ್ತಿಂಗ್ ಇರುವ ಪ್ಲಗ್ಗನ್ನೇ ಹಾಕಿಸಿ. ಅರ್ತ್ ಪಿನ್ ಮುರಿದು ಶಬ್ದ ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ, ಅದು ಜೀವಕ್ಕೇ ಅಪಾಯ.

ಎಸಿಯಿಂದ ಕೋಣೆಯನ್ನು ಮೊದಲೇ ಚೆನ್ನಾಗಿ ತಂಪು ಮಾಡಿಕೊಂಡು, ಹಾಡಿನ ಐದಾರು ನಿಮಿಷ ಮಾತ್ರ ಆರಿಸಿ. ಲೋ ಕಟ್ ಗುಂಡಿ ಒತ್ತಿದರೆ 80–100 ಹರ್ಟ್ಸ್‌ಗಿಂತ ಕೆಳಗಿನ ಗೊರಗೊರ ತಗ್ಗುತ್ತದೆ. ದನಿಗೆ ಅದರಿಂದ ನಷ್ಟವಿಲ್ಲ.

ಪ್ರಶ್ನೆ: ಊರಿಂದ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ಅವರ ಸೋಬಾನೆ ಪದ ಮುದ್ರಿಸಿದರೆ ಒಂದೇ ಕಿವಿಗೆ ಕೇಳುತ್ತದೆ. ಹೆಡ್‌ಫೋನಿನಲ್ಲಿ ತಮ್ಮದೇ ದನಿ ತಡವಾಗಿ ಬಂದು ಅಮ್ಮ ತಡವರಿಸುತ್ತಾರೆ.
– ಓದುಗರು, ಅಲ್ ನಹ್ದಾ, ದುಬೈ

ಉತ್ತರ: ಆ ಚಾನೆಲ್ಲಿನ ಪ್ಯಾನ್ ಗುಂಡಿಯನ್ನು ನಡುವಿನ ಗುರುತಿಗೆ ತನ್ನಿ. ಆಗಲೂ ಹಾಗೇ ಇದ್ದರೆ ಕಂಪ್ಯೂಟರಿನಲ್ಲಿ ಟ್ರ್ಯಾಕನ್ನು ಮೋನೋ ಎಂದು ಆರಿಸಿ. ತಡವಾಗಿ ಕೇಳುವುದು ಕಂಪ್ಯೂಟರ್ ಸುತ್ತಿ ವಾಪಸು ಬಂದ ದನಿ. ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಿ, ಹೆಡ್‌ಫೋನನ್ನು ಮಿಕ್ಸರಿಗೇ ಸಿಕ್ಕಿಸಿ. ಅಮ್ಮನಿಗೆ ಹೆಡ್‌ಫೋನ್ ಇಲ್ಲದಿದ್ದರೇ ಇನ್ನೂ ವಾಸಿ. ಅವರು ರೂಢಿಯಂತೆ ಹಾಡಲಿ, ನೀವು ಕೇಳಿಸಿಕೊಳ್ಳಿ.

ಹೈ, ಮಿಡ್, ಲೋ ಗುಂಡಿಗಳನ್ನು ನಡುವಲ್ಲೇ ಬಿಡಿ. ಮುದುಕರ ದನಿಯ ನಡುಕವನ್ನು ತಿದ್ದಲು ಹೋಗಬೇಡಿ, ಆ ಹಾಡಿನ ಬನಿ ಅದರಲ್ಲೇ ಇದೆ. ಗುಂಡಿಗಳು ಸರಿಯಾದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ನಾಳೆ ಅಲ್ಲಿಂದಲೇ ಶುರುಮಾಡಬಹುದು. ಮುದ್ರಿಸಿದ್ದನ್ನು ವೇವ್ ಕಡತವಾಗಿ ಎರಡು ಕಡೆ ಉಳಿಸಿ.

ವೀಸಾ ಮುಗಿಯುವ ದಿನ ಹತ್ತಿರವಾಗುತ್ತಿರುತ್ತದೆ. ಅಮ್ಮ ಇರುವಾಗಲೇ ಗೊತ್ತಿರುವ ಪದಗಳನ್ನೆಲ್ಲ ಹಾಡಿಸಿ ಮುದ್ರಿಸಿಕೊಳ್ಳಿ.