ತಪ್ಪಿಹೋದ ಉಪವಾಸ

ಪ್ರಶ್ನೆ: ನಾನು ಮಂಗಳೂರಿನ ಬಾಸೆಲ್ ಮಿಶನ್ ಮನೆತನದವಳು. ಮದುವೆಯಾಗಿ ಪೆರಂಬೂರಿಗೆ ಬಂದು 20 ವರ್ಷವಾಯಿತು. ಗಂಡನಿಗೆ ಕೋಚ್ ಫ್ಯಾಕ್ಟರಿಯಲ್ಲಿ ಕೆಲಸ. ಚಿಕ್ಕಂದಿನಿಂದಲೂ ಶುಭ ಶುಕ್ರವಾರ ಮಧ್ಯಾಹ್ನ ಮೂರರವರೆಗೆ ನೀರೂ ಮುಟ್ಟಿದವಳಲ್ಲ. ಈ ವರ್ಷ ಸಕ್ಕರೆ ಕಾಯಿಲೆಯಿಂದ ತಲೆ ಸುತ್ತಿ, ಆರಾಧನೆಯ ನಡುವೆಯೇ ಎದ್ದು ಬಂದು ಎರಡು ಇಡ್ಲಿ ತಿಂದೆ. ಅಂದಿನಿಂದ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ನನ್ನ ರಕ್ಷಣೆ ಹೋಯಿತೇ?

ಉತ್ತರ: ಇಲ್ಲಮ್ಮ, ಹೋಗಿಲ್ಲ. ನಿಮ್ಮ ಭಯವನ್ನು ನಾನು ಹಗುರ ಮಾಡುತ್ತಿಲ್ಲ. ಹುಡುಗಿಯಾಗಿದ್ದಾಗಿನಿಂದ ಹಿಡಿದ ನೇಮ ತಪ್ಪಿದರೆ ಎದೆ ನಡುಗುವುದು ಸಹಜ.

ಆದರೆ ಉಪವಾಸ ಮಾಡಿದರೆ ದೇವರು ಮೆಚ್ಚುತ್ತಾನೆ, ಬಿಟ್ಟರೆ ಮುನಿಯುತ್ತಾನೆ ಎಂಬುದು ಹಾಜರಿ ಪುಸ್ತಕದ ಲೆಕ್ಕ. ಅದು ನಿಮ್ಮ ಯಜಮಾನರ ಫ್ಯಾಕ್ಟರಿಗೆ ಸರಿ. ಪೌಲನು ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆಯಿರಿ. 8 ಮತ್ತು 9ನೇ ವಚನಗಳ ಸಾರವಿಷ್ಟು: ರಕ್ಷಣೆ ಕೃಪೆಯಿಂದ (ಯೋಗ್ಯತೆ ನೋಡದೆ ದೇವರು ತೋರುವ ದಯೆ) ಬರುವ ದಾನ, ದುಡಿದು ಪಡೆದ ಕೂಲಿಯಲ್ಲ. ನಂಬಿಕೆಯೆಂದರೆ ಆ ದಾನಕ್ಕೆ ಕೈಯೊಡ್ಡುವುದು.

ನೀವು ಎದ್ದು ಬಂದ ಆ ಆರಾಧನೆಯನ್ನೇ ನೆನೆಯಿರಿ. ಅಲ್ಲಿ ಧ್ಯಾನಿಸುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಎರಡನೆಯದು ಯಾರಿಗೆ ಹೇಳಿದ್ದು? ಪಕ್ಕದ ಶಿಲುಬೆಯ ಕಳ್ಳನಿಗೆ. ಅವನಿಗೆ ದೀಕ್ಷಾಸ್ನಾನಕ್ಕೆ ಹೊತ್ತಿರಲಿಲ್ಲ, ಉಪವಾಸಕ್ಕೆ ದಿನ ಉಳಿದಿರಲಿಲ್ಲ, ಕದ್ದದ್ದನ್ನು ಹಿಂದಿರುಗಿಸಲು ಕೈಗಳಿಗೇ ಬಿಡುವಿರಲಿಲ್ಲ. ನೆನಪಿಟ್ಟುಕೋ ಎಂದು ಬೇಡಿದ, ಅಷ್ಟೆ. ಅಂದೇ ಪರದೈಸು ಸಿಕ್ಕಿತು. ಬಹುಶಃ ಆ ಮಾತು ಕಿವಿಗೆ ಬಿದ್ದ ಮೇಲೆಯೇ ನೀವು ಇಡ್ಲಿ ತಿಂದದ್ದು!

ಹಾಗಾದರೆ ಉಪವಾಸ ಬೇಡವೇ? ಎಫೆಸದವರ ಪತ್ರದ ಅದೇ ಅಧ್ಯಾಯದ 10ನೇ ವಚನ ಸತ್ಕಾರ್ಯದ ಮಾತಾಡುತ್ತದೆ. ರಕ್ಷಣೆ ಮೊದಲು, ಕಾರ್ಯ ಆಮೇಲೆ. ಮುಂದಿನ ವರ್ಷ ವೈದ್ಯರನ್ನು ಕೇಳದೆ ಹೊಟ್ಟೆ ಕಾಯಿಸಬೇಡಿ. ಮಾತ್ರೆಯ ಹೊತ್ತಿಗೆ ಊಟ ಮಾಡಿ.

ಪ್ರಶ್ನೆ: ಫೆಬ್ರವರಿ 11ರ ಹಬ್ಬಕ್ಕೆ ನೆರೆಮನೆಯಾಕೆ ಹರಕೆ ಹೊತ್ತು, ಇಲ್ಲಿನ ಲೂರ್ದು ಮಾತೆಯ ದೇವಾಲಯಕ್ಕೆ ಬರಿಗಾಲಲ್ಲಿ ಹೋಗುತ್ತಾರೆ. ಕಾರ್ಯಗಳಿಂದಲೇ ರಕ್ಷಣೆ ಎನ್ನುವವರಲ್ಲವೇ ಅವರು? ಅವರ ಗತಿ ನೆನೆದು ಸಂಕಟವಾಗುತ್ತದೆ.

ಉತ್ತರ: ಸಂಕಟ ಬೇಡ. ರಕ್ಷಣೆಯ ವಿಷಯದಲ್ಲಿ ಆಕೆಯ ಕಥೋಲಿಕ ಸಭೆಯೊಡನೆ 1517ರಲ್ಲಿ ಲೂಥರ್ ಎಬ್ಬಿಸಿದ ಜಗಳ ನಿಜ. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಕೂಡಿ ಸಹಿ ಹಾಕಿದ್ದಾರೆ: ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದ ಮಾತ್ರ. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ, ಅದು ಬೇರೆ ಮಾತು.

ಬರಿಗಾಲೇಕೆ ಎಂದು ಆಕೆಯನ್ನೇ ಒಮ್ಮೆ ಕೇಳಿ ನೋಡಿ. ಮಗುವಿನ ಜ್ವರ ಬಿಟ್ಟಿತು, ಅದಕ್ಕೆ ಎಂದಾರು.